ಗಾಡಿ ಮಾತು – 7: ಸೆನ್ಸರ್ ತರೂಕಿಂತ ಮೊದ್ಲ ಅಳೀರಿ

ದೋಸ್ತ್ರ, "ಸ್ಕ್ಯಾನರ್‌ನ್ಯಾಗ ಪಿ0197 ಬಂತು, ಆಯಿಲ್ ಟೆಂಪರೇಚರ್ ಸೆನ್ಸರ್ ತಗೊಂಡು ಹಾಕ್ಲೇನು?" ಅಂತ ಕೇಳೋರಿಗೆಲ್ಲ ನನ್ನ ಉತ್ತರ ಒಂದ: ಇವತ್ತ ಬ್ಯಾಡ.

ಆ ಕೋಡ್ ಸೆನ್ಸರ್ ಕೆಟ್ಟೈತಿ ಅಂತ ಹೇಳೂದಿಲ್ಲ. ಆ ಸರ್ಕ್ಯೂಟಿನಿಂದ ಇಸಿಯುಗೆ ಬರೋ ವೋಲ್ಟೇಜ್ ಕಡಿಮಿ ಐತಿ ಅಂತಷ್ಟ ಹೇಳತೈತಿ. ಪಿ0198 ಬಂದ್ರ ವೋಲ್ಟೇಜ್ ಜಾಸ್ತಿ. ಕಾರಣ ಸೆನ್ಸರ್ ಇರಬಹುದು, ಇಲಿ ಕಡಿದ ವೈರ್ ಇರಬಹುದು, ಎಣ್ಣಿ-ಧೂಳು ಕೂತ ಕನೆಕ್ಟರ್ ಇರಬಹುದು. ಬಬಲೇಶ್ವರದಿಂದ ವಿಜಯಪುರಕ್ಕ ಬಂದು, ರೊಕ್ಕ ಕೊಟ್ಟು ಸೆನ್ಸರ್ ಹಾಕಿಸ್ಕೊಂಡು ಹೋಗಿ, ಮರುದಿನ ಅದೇ ದೀಪ ಮತ್ತ ಹತ್ತಿದ್ರ ಯಾರನ್ನ ಬೈತೀರಿ?

ಸಾಮಾನ್ಯವಾಗಿ ಈ ಸೆನ್ಸರ್ ಒಳಗಿರೋದು ಒಂದು ಥರ್ಮಿಸ್ಟರ್. ಬಿಸಿ ಏರಿದಂಗ ಅದರ ರೆಸಿಸ್ಟನ್ಸ್ ಇಳೀತೈತಿ. ಪ್ಲಗ್ ಬಿಚ್ಚಿದ್ರ ಸರ್ಕ್ಯೂಟ್ ತುಂಡಾಗಿ, ಬಹಳ ಗಾಡಿಗಳಲ್ಲಿ ಸ್ಕ್ಯಾನರ್ ಮೈನಸ್ 40 ಡಿಗ್ರಿ ತೋರಿಸತೈತಿ. ಮೇ ತಿಂಗಳದಾಗ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನ ಮುಂದ ನಿಂತ ಪಿಕಪ್ ಮೈನಸ್ 40 ಅಂದ್ರ ನಗಬ್ಯಾಡ್ರಿ, ಎಲ್ಲೋ ಸಂಪರ್ಕ ಕಡಿದೈತಿ ಅಂತ ಅರ್ಥ.

ಇದನ್ನ ಪರೀಕ್ಷೆಗೂ ಬಳಸಬಹುದು. ಪಿ0197 ಇದ್ದಾಗ ಪ್ಲಗ್ ಬಿಚ್ಚಿ ನೋಡ್ರಿ. ರೀಡಿಂಗ್ ಮೈನಸ್‌ಗೆ ಬಿದ್ರ ವೈರ್ ಸರಿ ಐತಿ, ಸೆನ್ಸರ್ ಮ್ಯಾಲ ಅನುಮಾನ ಪಡ್ರಿ. ಬೀಳದಿದ್ರ ವೈರ್ ಎಲ್ಲೋ ಬಾಡಿಗೆ ತಾಗಿ ಶಾರ್ಟ್ ಆಗಿರಬಹುದು.

ಇನ್ನೊಂದು ಪರೀಕ್ಷೆಗೆ ಪ್ಲಗ್ ಬಿಚ್ಚೋದೂ ಬ್ಯಾಡ. ರಾತ್ರಿಯೆಲ್ಲ ನಿಂತ ಗಾಡಿ, ಬಿಸಿಲು ಬೀಳೂಕಿಂತ ಮೊದ್ಲ, ಕೀ ಆನ್ ಅಷ್ಟ, ಸ್ಟಾರ್ಟ್ ಬ್ಯಾಡ. ಆಯಿಲ್, ಕೂಲಂಟ್, ಒಳಗ ಹೋಗೋ ಗಾಳಿ, ಮೂರರ ತಾಪಮಾನವೂ ಹೆಚ್ಚುಕಡಿಮಿ ಒಂದೇ ಇರಬೇಕು. ನಾಕೈದು ಡಿಗ್ರಿ ಆಚೀಚಿ ಆದ್ರ ನಡೀತೈತಿ. ಒಂದ ಮಾತ್ರ 20 ಡಿಗ್ರಿ ದೂರ ನಿಂತಿದ್ರ ಅದ ಸುಳ್ಳ ಹೇಳಾಕತ್ತೈತಿ. (ಬಹಳ ಸಣ್ಣ ಕಾರುಗಳಿಗೆ ಆಯಿಲ್ ಟೆಂಪರೇಚರ್ ಸೆನ್ಸರ್ ಇರೂದ ಇಲ್ಲ. ಅಂಗಡಿಗೆ ಹೋಗೂಕಿಂತ ಮೊದ್ಲ ಮ್ಯಾನ್ಯುವಲ್ ತೆಗೀರಿ.)

ಮೂರೂ ಸರಿ ಬಂದು, ಲೋಡ್ ಹೊತ್ತು ಓಡಿದಾಗ ಮಾತ್ರ ಆಯಿಲ್ ಬಿಸಿ ಏರಾಕತ್ತಿದ್ರ? ಸೆನ್ಸರ್ ಖರೇನ ಹೇಳಾಕತ್ತಿರಬಹುದು. ಎಣ್ಣಿ ಕಡಿಮಿ ಐತೇನು, ರೇಡಿಯೇಟರ್‌ನ್ಯಾಗ ಧೂಳು ಕಟ್ಟೈತೇನು ನೋಡ್ರಿ. ದೀಪ ಆರಲಿ ಅಂತ ಪ್ಲಗ್ ಕಿತ್ತು ಇಲ್ಲಾ ಕೋಡ್ ಅಳಿಸಿ ಓಡಿಸೋರನ್ನ ಕಂಡ್ರ ನನಗ ಸಿಟ್ಟ ಬರತೈತಿ. ಮತ್ತ ಎಣ್ಣಿ ಗಿಂಡಿಯ ಚಿತ್ರದ ಕೆಂಪು ದೀಪ ತಾಪಮಾನದ್ದಲ್ಲ, ಪ್ರೆಶರ್‌ದು. ಓಡೋವಾಗ ಹತ್ತಿದ್ರ ಬಾಜೂಕ ನಿಲ್ಲಿಸಿ ಎಂಜಿನ್ ಬಂದ್ ಮಾಡ್ರಿ.

ಮೆಕ್ಯಾನಿಕ್ ಅಣ್ಣಗ ಇದೆಲ್ಲ ಗೊತ್ತಿಲ್ಲೇನು? ಬಹಳ ಮಂದಿಗೆ ಗೊತ್ತೈತಿ. ಆದ್ರ ಅರ್ಧ ತಾಸು ಮೀಟರ್ ಹಿಡಿದು, "ವೈರ್ ತುಂಡಾಗಿತ್ತು, ಜೋಡಿಸೀನಿ" ಅಂದ್ರ ನಾವ ಅಂತೀವಿ: "ಬರೇ ನೋಡಿದ್ದಕ್ಕ ಇಷ್ಟ ರೊಕ್ಕ?" ಹೊಸಾ ಡಬ್ಬಿ ತೋರಿಸಿದ್ರ ಮಾತಿಲ್ಲದ ಕೊಡ್ತೀವಿ. ಹಿಂಗಾದ್ರ ಆತ ಯಾಕ ಹುಡುಕ್ಯಾನು? ಹುಡುಕಿದ್ದಕ್ಕ ಕೂಲಿ ಬ್ಯಾರೆ ಕೊಡ್ರಿ. ಮೊದ್ಲ ಕೇಳಿ, ಒಪ್ಪಿಕೊಂಡು, ಕೊಡ್ರಿ.

ನಾಳಿ ಮುಂಜಾನಿ ನಿಮ್ಮ ಗಾಡಿಯ ಮೂರೂ ರೀಡಿಂಗ್ ಕಾಮೆಂಟ್‌ನ್ಯಾಗ ಹಾಕ್ರಿ. ಮಾಡೆಲ್, ಊರು, ಎಷ್ಟ ಗಂಟೆ, ಅದೂ ಬರೀರಿ.

#ಗಾಡಿಮಾತು #ವಿಜಯಪುರ #ತಿಕೋಟಾ #ಬಬಲೇಶ್ವರ