ದಮ್ಮಿನ ಔಷಧಿಯನ್ನು ಮುಚ್ಚಿಡಬೇಕೆ?

ಕಳೆದ ಶ್ರಾವಣದಲ್ಲಿ ನಾವು ಬಂಧುಗಳೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಬಡಿಸುತ್ತಿದ್ದ ಆ ಮನೆಯ ಮಗಳು ನಡುವೆಯೇ ಒಳಕೋಣೆಗೆ ಸರಿದು ಬಾಗಿಲು ಹಾಕಿಕೊಂಡಳು. ಅವಳಿಗೆ ದಮ್ಮು ಬಂದಿತ್ತು. "ಬರುವ ವಾರ ವರನ ಕಡೆಯವರು ಬರುತ್ತಾರೆ. ಇನ್‌ಹೇಲರ್ ಅವರ ಕಣ್ಣಿಗೆ ಬೀಳಬಾರದು ನೋಡಿರಿ" ಎಂದು ತಾಯಿಯವರು ಮೆಲ್ಲಗೆ ಹೇಳಿದರು. ದಿನವೂ ಎಳೆದುಕೊಳ್ಳಲು ವೈದ್ಯರು ಕೊಟ್ಟಿದ್ದ ಇನ್ನೊಂದು ಇನ್‌ಹೇಲರನ್ನು, ಚಟವಾದೀತೆಂದು ಅವರೇ ಬಿಡಿಸಿದ್ದರಂತೆ.

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಪದರವು, ಉಬ್ಬಸವಿಲ್ಲದ ದಿನಗಳಲ್ಲಿಯೂ, ಬಾವುಗೊಂಡಿರುತ್ತದೆ. ದೂಳು, ಹೊಗೆ, ನೆಗಡಿ, ತಂಪುಗಾಳಿ ತಾಗಿದೊಡನೆ ನಾಳಗಳು ಬಿಗಿಯುತ್ತವೆ. ಸಾಲ್ಬುಟಮಾಲ್ ಆ ಬಿಗಿತವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ, ಆದರೆ ಬಾವನ್ನು ಇಳಿಸುವುದಿಲ್ಲ. ಅದನ್ನು ಇಳಿಸುವುದು ನಿತ್ಯದ ಸ್ಟೆರಾಯ್ಡ್ ಇನ್‌ಹೇಲರ್. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವುದು ಸಲ್ಲದೆಂದು 'ಗೀನಾ' ಎಂಬ ಅಂತರರಾಷ್ಟ್ರೀಯ ಅಸ್ತಮಾ ಸಂಸ್ಥೆಯು 2019ರಲ್ಲಿಯೇ ತಿಳಿಸಿದೆ.

ಸ್ಟೆರಾಯ್ಡ್ ಎಂದೊಡನೆ ನಮ್ಮವರು ಬೆಚ್ಚುತ್ತಾರೆ. ಬುಡೆಸೊನೈಡ್ ಇನ್‌ಹೇಲರನ್ನು ಒಮ್ಮೆ ಎಳೆದುಕೊಂಡರೆ ಸಾಮಾನ್ಯವಾಗಿ ದೊರೆಯುವುದು 100 ಇಲ್ಲವೆ 200 ಮೈಕ್ರೊಗ್ರಾಂ. ಪ್ರೆಡ್ನಿಸೊಲೋನಿನ 5 ಮಿಲಿಗ್ರಾಂ ಮಾತ್ರೆಯೊಂದರಲ್ಲಿರುವುದು 5000 ಮೈಕ್ರೊಗ್ರಾಂ, ಅದೂ ಮೈಯೆಲ್ಲ ಹರಡುವಂಥದು. ಇನ್‌ಹೇಲರಿಗೆ ಹೆದರಿ ಮಳೆಗಾಲದುದ್ದಕ್ಕೂ ಮಾತ್ರೆ ನುಂಗುವವರನ್ನು ಕಂಡಾಗ ನಮಗೆ ಮರುಕವಾಗುತ್ತದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಲ್ಲಿ ಬೂಷ್ಟು ಕಟ್ಟುವುದು ಬಹುಮಟ್ಟಿಗೆ ತಪ್ಪುತ್ತದೆ. ಚಟವಂತೂ ಆಗುವುದಿಲ್ಲ.

ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಹೈದರಾಬಾದಿನ ಮೀನಿನ ಮದ್ದಿಗೆ ಹೋಗುವವರುಂಟು. ಶಾಕಾಹಾರಿಗಳಿಗೆ ಅದನ್ನು ಬೆಲ್ಲದಲ್ಲಿ ಕೊಡುತ್ತಾರೆ. ಅದರ ಗುಣ ಶಾಸ್ತ್ರೀಯವಾಗಿ ಸಿದ್ಧಪಟ್ಟಿಲ್ಲ. ಹೋಗುವವರು ತಮ್ಮ ಇನ್‌ಹೇಲರನ್ನಂತೂ ಬಿಡದಿರಲಿ.

ಮನೆಯಲ್ಲಿ ರೋಗಿಯಿದ್ದರೆ ಕಟ್ಟಿಗೆಯೊಲೆ, ಬೀಡಿ, ಸೊಳ್ಳೆಬತ್ತಿಗಳ ಹೊಗೆ ಸಲ್ಲದು. ಪೂಜೆಯ ಲೋಬಾನ, ಊದುಬತ್ತಿಗಳ ಹೊಗೆಯೂ ಹೊಗೆಯೇ. ಪತ್ರಿ ಪುಷ್ಪಗಳಿಂದಲೇ ಪೂಜೆ ಸಾಗಿದರೆ ಹಿರಿಯರು ಮುನಿಯಲಾರರೆಂದು ನಂಬಿದ್ದೇವೆ. ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಸಾಲ್ಬುಟಮಾಲಿಗೂ ಉಸಿರು ಸಡಿಲವಾಗದಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಮದುವೆಯಾಗಿ ಹೋದ ಮನೆಯಲ್ಲಿ ಆ ಮಗಳು ಔಷಧಿಯನ್ನು ಎಲ್ಲಿ ಅಡಗಿಸಿಡಬೇಕು? ನಾಳೆ ಬಸುರಿಯಾದರೆ? ಹತೋಟಿ ತಪ್ಪಿದ ಅಸ್ತಮಾವು ತಾಯಿಗೂ ಗರ್ಭಕ್ಕೂ ಔಷಧಿಗಿಂತ ಹೆಚ್ಚು ಅಪಾಯಕಾರಿ. ವರನ ಕಡೆಯವರಿಗೆ ಮೊದಲೇ ತಿಳಿಸಿರೆಂದು ಹೇಳಿ ಬಂದೆವು. ತಿಳಿಸಿದರೋ ಇಲ್ಲವೋ, ನಾವು ಮತ್ತೆ ಕೇಳಿಲ್ಲ. ನಿತ್ಯದ ಇನ್‌ಹೇಲರ್ ಮಾತ್ರ ಮರಳಿ ಆರಂಭವಾಗಿದೆಯಂತೆ.