ನಿಮ್ಮ ಫೋನಿನಲ್ಲಿ ಆ್ಯಪ್ ಬೇರೆ ಥರ ಕಾಣುತ್ತಿದೆಯೇ? ಅಷ್ಟಕ್ಕೇ ಅದು ನಕಲಿಯಲ್ಲ

ಒಂದೇ ಮನೆಯಲ್ಲಿ ಎರಡು ಫೋನು, ಎರಡರಲ್ಲೂ ಗೂಗಲ್‌ನ ಅದೇ ಕ್ಯಾಲ್ಕುಲೇಟರ್. ಮಗಳ ಹೊಸ ಫೋನಿನಲ್ಲಿ ಅದರ ಗುಂಡಿಗಳು ವಾಲ್‌ಪೇಪರ್‌ಗೆ ಹೊಂದುವ ಬಣ್ಣದಲ್ಲಿವೆ. ಅಮ್ಮನ ಹಳೆಯ ಫೋನಿನಲ್ಲಿ ಆ ಬಣ್ಣಗಳಿಲ್ಲ. ಇಂಥ ವ್ಯತ್ಯಾಸ ಕಂಡಾಗ ಎರಡು ಬಗೆಯ ಫಾರ್ವರ್ಡ್‌ಗಳನ್ನು ನಂಬುವುದು ಸುಲಭವಾಗುತ್ತದೆ. ಆ್ಯಪ್ ಹೀಗೆ ಕಂಡರೆ ಅದು ನಕಲಿ, ಕೂಡಲೇ ತೆಗೆದುಹಾಕಿ ಎನ್ನುವುದು ಒಂದು. ಹೊಸ ಬಣ್ಣ ಬೇಕಿದ್ದರೆ ಈ ಲಿಂಕ್ ಒತ್ತಿ ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪು ತಿಳಿವಳಿಕೆ, ಎರಡನೆಯದು ಬಹುಪಾಲು ಬಲೆ. ಹೀಗೇಕೆ ಎಂದು ತಿಳಿಯಲು ಆ್ಯಪ್‌ಗೆ ಅದರ ರೂಪ ಎಲ್ಲಿಂದ ಬರುತ್ತದೆ ಎಂಬುದನ್ನು ನಾವು ಮೊದಲು ನೋಡಬೇಕು.

ಮದುವೆ ಅಡುಗೆಯವರನ್ನು ನೆನೆಸಿಕೊಳ್ಳಿ. ಛತ್ರದಲ್ಲಿ ಇರುವ ಪಾತ್ರೆಗಳಲ್ಲೇ ಅವರು ಅಡುಗೆ ಮಾಡಬಹುದು, ಇಲ್ಲವೇ ತಮ್ಮ ಪಾತ್ರೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬರಬಹುದು. ಆ್ಯಪ್ ತಯಾರಿಸುವವರ ಮುಂದೆ ಇರುವುದೂ ಇದೇ ಆಯ್ಕೆ. ಗುಂಡಿ, ಮೆನು, ಟಿಕ್ ಗುರುತುಗಳಂಥವು ಆಂಡ್ರಾಯ್ಡ್‌ನಲ್ಲೇ ಇವೆ. ಅವನ್ನೇ ಬಳಸಿದರೆ ಕೆಲಸ ಹಗುರ. ಆದರೆ ಛತ್ರ ಬದಲಾದಂತೆ ಪಾತ್ರೆ ಬದಲಾಗುವ ಹಾಗೆ, ಆಂಡ್ರಾಯ್ಡ್ ಆವೃತ್ತಿ ಬದಲಾದಂತೆ ಆ್ಯಪ್‌ನ ರೂಪವೂ ಬದಲಾಗುತ್ತದೆ.

ಒಂದು ಕಾಲಕ್ಕೆ ಇದು ದೊಡ್ಡ ತಲೆನೋವೇ ಆಗಿತ್ತು. ಫೋನ್ ಕಂಪನಿಗಳು ಆಂಡ್ರಾಯ್ಡ್‌ನ ಮೂಲ ರೂಪವನ್ನು ತಮಗೆ ಬೇಕಾದಂತೆ ತಿದ್ದುತ್ತಿದ್ದವು. ಹಾಗಾಗಿ ಒಂದೇ ಆ್ಯಪ್ ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಥರ ಕಾಣುತ್ತಿತ್ತು. ಆಂಡ್ರಾಯ್ಡ್ 4.0 ಬಂದ ಮೇಲೆ, 2012ರ ಜನವರಿಯಲ್ಲಿ, ಗೂಗಲ್ ಒಂದು ಷರತ್ತು ಹಾಕಿತು: ಫೋನಿನಲ್ಲಿ ತನ್ನ ಆ್ಯಪ್ ಅಂಗಡಿ ಬೇಕಿದ್ದರೆ ‘ಹೋಲೋ’ ಎಂಬ ಮೂಲ ವಿನ್ಯಾಸವನ್ನು ತಿದ್ದದೆ ಉಳಿಸಿಕೊಳ್ಳಬೇಕು. ಕಂಪನಿಗಳು ತಮ್ಮ ಮೆನುಗಳನ್ನು ಹೇಗೆ ಬೇಕಾದರೂ ಸಿಂಗರಿಸಿಕೊಳ್ಳಲಿ, ಹೋಲೋ ಬಯಸುವ ಆ್ಯಪ್‌ಗೆ ಮಾತ್ರ ಅದು ಇದ್ದ ಹಾಗೇ ಸಿಗಬೇಕು. ನಮ್ಮ ಮಟ್ಟಿಗೆ ಇದು ಗೂಗಲ್ ಹಾಕಿದ ನ್ಯಾಯವಾದ ಷರತ್ತುಗಳಲ್ಲೊಂದು.

2014ರಲ್ಲಿ ಆಂಡ್ರಾಯ್ಡ್ 5.0 ಜೊತೆಗೆ ‘ಮೆಟೀರಿಯಲ್’ ಎಂಬ ಹೊಸ ವಿನ್ಯಾಸ ಬಂತು. ಆಗ ಬಹಳ ಮಂದಿಯ ಕೈಲಿ ಇದ್ದದ್ದು ಹಳೆಯ ಆವೃತ್ತಿಯ ಫೋನುಗಳೇ. ಅವರನ್ನೂ ಬಿಡಬಾರದೆಂದು ಗೂಗಲ್ ಆ ಹೊಸ ರೂಪವನ್ನು ಒಂದು ಪ್ರತ್ಯೇಕ ಕಟ್ಟಾಗಿ, ಆ್ಯಪ್‌ನೊಳಗೇ ಸೇರಿಸಿ ಕಳುಹಿಸಬಹುದಾದ ಹಾಗೆ ಕೊಟ್ಟಿತು. ಅಂದರೆ ಅಡುಗೆಯವರೇ ಪಾತ್ರೆ ತರುವ ವ್ಯವಸ್ಥೆ. ಆಂಡ್ರಾಯ್ಡ್ 2.1ರಷ್ಟು ಹಳೆಯ ಫೋನಿನಲ್ಲೂ ಆ್ಯಪ್ ಹೆಚ್ಚು ಕಡಿಮೆ ಹೊಸದರಂತೆ ಕಾಣಲು ಇದರಿಂದ ಸಾಧ್ಯವಾಯಿತು. ಪಾತ್ರೆ ಹೊತ್ತು ತಂದಷ್ಟೂ ಗಾಡಿ ಭಾರ. ಆ್ಯಪ್‌ನ ಗಾತ್ರ ತುಸು ಹೆಚ್ಚುತ್ತದೆ.

ಪಾತ್ರೆ ತರಬಹುದು, ಛತ್ರದ ಗೋಡೆಗೆ ಬಣ್ಣ ಹೊಡೆಯಲಾಗದು. ಗಡಿಯಾರ, ಬ್ಯಾಟರಿ ಕಾಣುವ ಮೇಲಿನ ಪಟ್ಟಿಗೆ ಆ್ಯಪ್ ತನ್ನ ಬಣ್ಣ ಕೊಡಲು ಸಾಧ್ಯವಾದದ್ದು 5.0 ಆವೃತ್ತಿಯಿಂದ. ವಾಲ್‌ಪೇಪರ್‌ನಿಂದ ಬಣ್ಣ ಎತ್ತಿಕೊಳ್ಳುವ ಸೌಲಭ್ಯ ಬಂದದ್ದು 2021ರ ಆಂಡ್ರಾಯ್ಡ್ 12ರಲ್ಲಿ. ಅದೂ ಆ್ಯಪ್ ತಯಾರಕರು ಒಪ್ಪಿದರೆ ಮಾತ್ರ. ಮಗಳ ಕ್ಯಾಲ್ಕುಲೇಟರ್‌ಗೂ ಅಮ್ಮನದಕ್ಕೂ ಇರುವ ವ್ಯತ್ಯಾಸದ ಮೂಲ ಇಲ್ಲಿದೆ.

ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಇನ್ನೊಂದು ಒಳ್ಳೆಯ ಉದಾಹರಣೆ. ಇಡೀ ಫೋನಿಗೆ ಅನ್ವಯಿಸುವ ಡಾರ್ಕ್ ಮೋಡ್ ಆಂಡ್ರಾಯ್ಡ್‌ನಲ್ಲಿ ಅಧಿಕೃತವಾಗಿ ಬಂದದ್ದು 2019ರಲ್ಲಿ, 10ನೇ ಆವೃತ್ತಿಯಲ್ಲಿ. 2020ರ ಮಾರ್ಚ್‌ನಲ್ಲಿ ವಾಟ್ಸಾಪ್ ಡಾರ್ಕ್ ಮೋಡ್ ತಂದಾಗ, ಆಂಡ್ರಾಯ್ಡ್ 10 ಇದ್ದವರು ಫೋನಿನ ಸೆಟ್ಟಿಂಗ್ ಬದಲಿಸಿದರೆ ಸಾಕಿತ್ತು. 9 ಅಥವಾ ಅದಕ್ಕಿಂತ ಹಳೆಯದಿದ್ದವರು ವಾಟ್ಸಾಪ್‌ನ ಸೆಟ್ಟಿಂಗ್ಸ್‌ನೊಳಗೆ ಚಾಟ್ಸ್, ಅಲ್ಲಿ ಥೀಮ್ ಎಂಬಲ್ಲಿಗೆ ಹೋಗಿ ಆರಿಸಬೇಕಿತ್ತು. ಹಳೆಯ ಫೋನಿಗೂ ಸೌಲಭ್ಯ ಇತ್ತು, ದಾರಿ ಬೇರೆ ಅಷ್ಟೇ.

ಕನ್ನಡಿಗರಿಗೆ ಇಂಥ ಅನುಭವ ಹೊಸದಲ್ಲ. ಕನ್ನಡ ಸಂದೇಶ ತೆರೆದರೆ ಬರೀ ಚೌಕಗಳು ಕಾಣುತ್ತಿದ್ದ ಕಾಲ ಹಲವರಿಗೆ ನೆನಪಿರಬಹುದು. ಆಂಡ್ರಾಯ್ಡ್‌ಗೆ ಕನ್ನಡ ಲಿಪಿಯ ಬೆಂಬಲ ಸೇರಿದ್ದು 2012ರ 4.1ನೇ ಆವೃತ್ತಿಯಲ್ಲಿ. ಹೊಸ ಎಮೋಜಿ ಹಳೆಯ ಫೋನಿನ ಎಸ್ಸೆಮ್ಮೆಸ್‌ನಲ್ಲಿ ಚೌಕವಾಗಿ, ವಾಟ್ಸಾಪ್‌ನಲ್ಲಿ ಸರಿಯಾಗಿ ಕಾಣುವುದಕ್ಕೂ ಕಾರಣ ಪಾತ್ರೆಯೇ: ವಾಟ್ಸಾಪ್ ತನ್ನ ಎಮೋಜಿಗಳನ್ನು ತಾನೇ ಹೊತ್ತು ತರುತ್ತದೆ.

ಇನ್ನು ಬಲೆಯ ವಿಷಯ. 2021ರಲ್ಲಿ ‘ಗುಲಾಬಿ ವಾಟ್ಸಾಪ್’ ಎಂಬ ಲಿಂಕ್ ಭಾರತದಲ್ಲಿ ಗುಂಪಿಂದ ಗುಂಪಿಗೆ ಹರಿದಾಡಿತು. ಹೊಸ ಬಣ್ಣ, ಹೊಸ ಸೌಲಭ್ಯ ಎಂಬ ಆಸೆಗೆ ಅದನ್ನು ಹಾಕಿಕೊಂಡವರ ಫೋನಿಗೆ ಬಂದ ಸಂದೇಶಗಳಿಗೆಲ್ಲ ಅದು ತಾನೇ ಉತ್ತರ ಬರೆದು ಅದೇ ಲಿಂಕ್ ಅಂಟಿಸುತ್ತಿತ್ತು. ಪರಿಚಿತರ ಹೆಸರಿನಿಂದ ಬಂದದ್ದರಿಂದ ಜನ ನಂಬಿದರು. 2023ರ ಜೂನ್‌ನಲ್ಲಿ ಇದೇ ಹೆಸರಿನ ವಂಚನೆಯ ಬಗ್ಗೆ ಮುಂಬೈ ಪೊಲೀಸರು ಮತ್ತೆ ಎಚ್ಚರಿಕೆ ಕೊಡಬೇಕಾಯಿತು.

ಮೇಲೆ ಹೇಳಿದ್ದನ್ನು ಇಲ್ಲಿ ಜೋಡಿಸಿ ನೋಡಿ. ಆ್ಯಪ್‌ನ ಹೊಸ ರೂಪ ಬರುವುದು ಪ್ಲೇ ಸ್ಟೋರ್‌ನ ಅಪ್‌ಡೇಟ್‌ನಿಂದ ಅಥವಾ ಫೋನಿನ ಸಿಸ್ಟಮ್ ಅಪ್‌ಡೇಟ್‌ನಿಂದ. ಅಪ್‌ಡೇಟನ್ನು ಎಲ್ಲರಿಗೂ ಒಂದೇ ದಿನ ಬಿಡದೆ ಕಂತು ಕಂತಾಗಿ ಬಿಡುವ ರೂಢಿಯೂ ಇದೆ. ಪಕ್ಕದ ಮನೆಯವರಿಗೆ ಬಂದದ್ದು ನಿಮಗೆ ಮುಂದಿನ ವಾರ ಬರಬಹುದು. ನಿಮ್ಮ ಆಂಡ್ರಾಯ್ಡ್ ಆವೃತ್ತಿಯಲ್ಲೇ ಇಲ್ಲದ ಸೌಲಭ್ಯವನ್ನಂತೂ ಫಾರ್ವರ್ಡ್ ಆದ ಯಾವ ಲಿಂಕೂ ತಂದುಕೊಡದು.

ಆ್ಯಪ್ ಅಸಲಿಯೇ ಎಂದು ಅನುಮಾನ ಬಂದರೆ ಬಣ್ಣ ನೋಡಬೇಡಿ. ಬಣ್ಣ ನಕಲು ಮಾಡುವುದು ಮೋಸಗಾರರಿಗೆ ಅತಿ ಸುಲಭದ ಕೆಲಸ. ಫೋನಿನ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಅದನ್ನು ತೆರೆದು ಕೆಳಗೆ ಸರಿಸಿದರೆ, ಎಲ್ಲಿಂದ ಇನ್‌ಸ್ಟಾಲ್ ಆಗಿದೆ ಎಂಬ ವಿವರ ಹೆಚ್ಚಿನ ಫೋನುಗಳಲ್ಲಿ ಸಿಗುತ್ತದೆ. ಲಿಂಕ್ ಒತ್ತಿ ಆಗಿಹೋಗಿದ್ದರೆ ಆ ಆ್ಯಪ್ ತೆಗೆದುಹಾಕಿ, ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗುರುತಿಲ್ಲದ ಸಾಧನ ಇದ್ದರೆ ಲಾಗ್ ಔಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.