ಸಗರನಾಡಿನ ಮನೆಗೆ ಯಾವ ಛಾವಣಿ?

ಮನೆ ಕಟ್ಟಿಸುವವರು ಬಾಗಿಲಿನ ಕೆತ್ತನೆಯನ್ನೂ ಗೋಡೆಯ ಬಣ್ಣವನ್ನೂ ಕುರಿತು ದಿನಗಟ್ಟಲೆ ಆಲೋಚಿಸುತ್ತಾರೆ. ಛಾವಣಿಯ ವಿಷಯ ಬಂದಾಗ ಮಾತ್ರ ನೆರೆಯವರು ಹಾಕಿಸಿದ್ದನ್ನೇ ತಾವೂ ಹಾಕಿಸಿ ನಿಶ್ಚಿಂತರಾಗುತ್ತಾರೆ. ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ಸಗರನಾಡಿನಲ್ಲಿ ಬೇಸಗೆಯ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಅಂಥ ಸೀಮೆಯಲ್ಲಿ ಮನೆಯೊಳಗಿರುವ ಹಸುಗೂಸು, ಬಾಣಂತಿ, ವೃದ್ಧರ ಆರೋಗ್ಯವು ಬಹುಮಟ್ಟಿಗೆ ಛಾವಣಿಯನ್ನೇ ಅವಲಂಬಿಸಿದೆ. ಆದುದರಿಂದ ಈ ಆಯ್ಕೆಯನ್ನು ವಿಜ್ಞಾನದ ದೃಷ್ಟಿಯಿಂದ ವಿಚಾರಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಛಾವಣಿಗೆ ಎರಡು ಪರೀಕ್ಷೆಗಳುಂಟು: ಒಂದು ಮಳೆಯದು, ಇನ್ನೊಂದು ಬಿಸಿಲಿನದು. ನಮ್ಮ ಹಿರಿಯರ ಮಣ್ಣಿನ ಮಾಳಿಗೆಯು ಎರಡನೆಯದರಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗಿತ್ತು. ತೊಲೆ, ಜಂತಿ, ಹಲಗೆಗಳ ಮೇಲೆ ಸುಮಾರು ಒಂದು ಅಡಿ ದಪ್ಪ ಮಣ್ಣನ್ನು ಹಾಸಿದ ಛಾವಣಿ ಅದು. ಬಿಸಿಲಿನ ಶಾಖವು ಛಾವಣಿಯೊಳಗೆ ಅಲೆಯಂತೆ ಇಳಿಯುತ್ತದೆ. ಒಣಮಣ್ಣಿನಲ್ಲಿ ಪ್ರತಿ 10 ಸೆಂಟಿಮೀಟರ್ ಆಳಕ್ಕೆ ಈ ಅಲೆಯ ಏರಿಳಿತವು ಸುಮಾರು ಮೂರನೆಯ ಒಂದು ಪಾಲಿಗೆ ಕುಗ್ಗುತ್ತದೆ. ಅಲ್ಲದೆ ಸುಮಾರು 4 ಗಂಟೆ ತಡವಾಗುತ್ತದೆ. 30 ಸೆಂಟಿಮೀಟರ್ ದಾಟುವಷ್ಟರಲ್ಲಿ ಏರಿಳಿತವು ಇಪ್ಪತ್ತನೆಯ ಒಂದು ಪಾಲಿನಷ್ಟೇ ಉಳಿದಿರುತ್ತದೆ. ಮಧ್ಯಾಹ್ನದ ಉರಿಬಿಸಿಲು ಕೋಣೆಯನ್ನು ಮುಟ್ಟುವುದು ನಡುರಾತ್ರಿಯ ವೇಳೆಗೆ; ಅದೂ ಅತಿ ಕ್ಷೀಣವಾಗಿ.

ಈ ಮಾಳಿಗೆಯ ಮೇಲೆ ಸವಳು ಮಣ್ಣನ್ನು ಹರಡುವ ಪದ್ಧತಿಯಲ್ಲಿಯೂ ರಸಾಯನಶಾಸ್ತ್ರದ ಒಂದು ಪಾಠವಿದೆ. ಸವಳಿನಲ್ಲಿ ಸೋಡಿಯಮ್ ಅಧಿಕ. ನೀರು ಬಿದ್ದೊಡನೆ ಅದು ಜೇಡಿಯ ಕಣಗಳನ್ನು ಒಂದರಿಂದೊಂದು ಬೇರ್ಪಡಿಸುತ್ತದೆ. ಬಿಡಿಯಾದ ಸೂಕ್ಷ್ಮ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಬೆಳೆಗೆ ಶತ್ರುವಾದ ಮಣ್ಣು ಮಾಳಿಗೆಗೆ ಮಿತ್ರನಾದದ್ದು ಹೀಗೆ.

ಆದರೂ ಮಣ್ಣಿನ ಮಾಳಿಗೆಯನ್ನು ಬರಿದೆ ಹೊಗಳುವುದು ನ್ಯಾಯವಲ್ಲ. ಒಂದು ಅಡಿ ಮಣ್ಣೆಂದರೆ ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ಭಾರ. ತೊಯ್ದಾಗ ಇನ್ನೂ ಹೆಚ್ಚು. ಹುಳು ಹತ್ತಿದ ಜಂತಿ ಮುರಿದರೆ ಕೆಳಗೆ ಮಲಗಿದವರ ಗತಿಯೇನು? 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಅತಿವೃಷ್ಟಿಗೆ ಸಹಸ್ರಾರು ಮನೆಗಳು ಕುಸಿದವು, ಅನೇಕರು ಪ್ರಾಣ ಕಳೆದುಕೊಂಡರು. ಹೀಗಿರಲು ಜನರು ಪತ್ರಾಸಿಗೂ ಆರ್.ಸಿ.ಸಿ. ಸ್ಲ್ಯಾಬಿಗೂ ಮೊರೆಹೊಕ್ಕದ್ದು ಸಹಜವೇ. ನಮ್ಮ ಆಕ್ಷೇಪಣೆಯಿರುವುದು ಅವರು ಮಳೆಯ ಪರೀಕ್ಷೆಯೊಂದನ್ನೇ ಗಮನಿಸಿ ಬಿಸಿಲಿನದನ್ನು ಮರೆತರೆಂಬುದಕ್ಕೆ.

ಪತ್ರಾಸಿನ ದಪ್ಪ ಅರ್ಧ ಮಿಲಿಮೀಟರ್‌ನ ಆಸುಪಾಸು. ಶಾಖವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಹೊತ್ತೇರಿದ ಕೆಲವೇ ನಿಮಿಷಗಳಲ್ಲಿ ಕೆಳಗಿದ್ದವರ ತಲೆಯ ಮೇಲೆ ಕೆಂಡದ ಒಲೆಯನ್ನು ಬೋರಲು ಹಾಕಿದಂತಾಗುತ್ತದೆ. ರಾತ್ರಿ ಬೇಗನೆ ತಣಿಯುವುದೊಂದೇ ಅದರ ಗುಣ. ಸ್ಲ್ಯಾಬಿನ ಸ್ವಭಾವ ಬೇರೆ. ಕಾಂಕ್ರೀಟಿನಲ್ಲಿ ಶಾಖದ ನಡಿಗೆ ಮಣ್ಣಿನಲ್ಲಿರುವುದಕ್ಕಿಂತ ತ್ವರಿತ. ದಪ್ಪವೂ ಸಾಮಾನ್ಯವಾಗಿ 10ರಿಂದ 13 ಸೆಂಟಿಮೀಟರ್ ಮಾತ್ರ. ಮಧ್ಯಾಹ್ನ ಕುಡಿದ ಬಿಸಿಲನ್ನು ಅದು ಸಂಜೆಯಿಂದ ನಡುರಾತ್ರಿಯವರೆಗೆ ಕೋಣೆಯೊಳಕ್ಕೆ ಕಾರುತ್ತದೆ. ತೆಳುವಾದ ಶಹಾಬಾದ್ ಪರಸಿಯನ್ನು ಮಾತ್ರ ಹೊದಿಸಿದ ಛಾವಣಿಯ ಪಾಡೂ ಹೆಚ್ಚು ಕಡಮೆ ಇದೇ.

ಈಚೆಗೆ ನಗರಗಳ ಬಂಗಲೆಗಳಲ್ಲಿ ಡಾಂಬರಿನ ಶಿಂಗಲ್ ಎಂಬ ಹೊದಿಕೆಯೂ ಕಾಣಿಸಿಕೊಂಡಿದೆ. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ 1903ರ ಸುಮಾರಿಗೆ ಬಳಕೆಗೆ ಬಂದ ಈ ಬಿಲ್ಲೆಗಳನ್ನು ಈಗ ಗಾಜಿನ ನಾರಿನ ಹಾಳೆಗೆ ಡಾಂಬರು ಲೇಪಿಸಿ, ಮೇಲೆ ಕಲ್ಲಿನ ಹರಳುಗಳನ್ನು ಅಂಟಿಸಿ ತಯಾರಿಸುತ್ತಾರೆ. ಒಂದೇ ಪದರದ್ದು ಅಗ್ಗ. ಪದರದ ಮೇಲೆ ಪದರ ಕೂಡಿಸಿದ್ದು ಗಾಳಿಗೆ ಹೆಚ್ಚು ಬಾಳುತ್ತದೆ. ಆದರೆ ಇಳಿಜಾರಿಲ್ಲದೆ ಶಿಂಗಲ್ ನಿಲ್ಲದು; ಆರು ಅಡಿ ಅಗಲಕ್ಕೆ ಒಂದು ಅಡಿಯಾದರೂ ಏರು ಬೇಕು. ಕಪ್ಪು ಛಾಯೆಯ ಶಿಂಗಲ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡಾ 15ರಷ್ಟನ್ನೂ ಹಿಂದಿರುಗಿಸುವುದಿಲ್ಲ. ಬಿಳಿಯದೆಂದು ಮಾರುವುದೂ ಶೇಕಡಾ 30ರ ಸಮೀಪಕ್ಕೆ ಬಂದರೆ ಹೆಚ್ಚು. ಹಿಮ ಬೀಳುವ ದೇಶಕ್ಕೆ ಒಪ್ಪಿದ ಈ ಉಡುಪು ಸಗರನಾಡಿನ ವೈಶಾಖಕ್ಕೆ ಒಪ್ಪುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಇಲ್ಲಿ ಒಂದು ಸುಲಭವಾದ ಲೆಕ್ಕವನ್ನು ನೋಡೋಣ. ಬೇಸಗೆಯ ನಡುಹಗಲು ಪ್ರತಿ ಚದರ ಮೀಟರ್ ಛಾವಣಿಯ ಮೇಲೆ ಸುಮಾರು 1000 ವ್ಯಾಟ್ ಸೌರಶಕ್ತಿ ಬೀಳುತ್ತದೆ. ಬರಿಯ ಸಿಮೆಂಟು ಅದರಲ್ಲಿ ಸುಮಾರು 700 ವ್ಯಾಟನ್ನು ಹೀರುತ್ತದೆ. ಹೊಸದಾಗಿ ಬಿಳಿಸುಣ್ಣ ಬಳಿದ ಮೇಲ್ಮೈ 250ರಷ್ಟನ್ನು ಮಾತ್ರ. 20 ಚದರ ಮೀಟರ್ ಛಾವಣಿಯಲ್ಲಿ ಈ ವ್ಯತ್ಯಾಸ 9000 ವ್ಯಾಟ್ ಆಗುತ್ತದೆ. ಎಂದರೆ ಸಾವಿರ ವ್ಯಾಟಿನ ಒಂಬತ್ತು ಇಸ್ತ್ರಿಪೆಟ್ಟಿಗೆಗಳು. ಈ ಶಾಖವೆಲ್ಲವೂ ಮನೆಯೊಳಗೆ ಬರುವುದಿಲ್ಲ, ಹೆಚ್ಚಿನ ಭಾಗ ಗಾಳಿಗೂ ಆಕಾಶಕ್ಕೂ ಮರಳುತ್ತದೆ, ನಿಜ. ಒಳಗೆ ಬರುವ ಪಾಲೇ ನಿದ್ರೆಗೆಡಿಸಲು ಸಾಕು. ನೆರೆಯ ತೆಲಂಗಾಣವು 2023ರಲ್ಲಿ ತಂಪು ಛಾವಣಿಗಳಿಗಾಗಿ ಒಂದು ನೀತಿಯನ್ನೇ ಪ್ರಕಟಿಸಿದ್ದು ಇಂಥ ಲೆಕ್ಕದ ಆಧಾರದಿಂದಲೇ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ತೊಲೆ ಜಂತಿಗಳು ಗಟ್ಟಿಯಾಗಿರುವ ಮಾಳಿಗೆಯನ್ನು, ಹಳತೆಂಬ ಒಂದೇ ಕಾರಣಕ್ಕೆ ಕೆಡವಬಾರದು. ಅವು ಶಿಥಿಲವಾಗಿದ್ದರೆ ಮಾಳಿಗೆಯನ್ನು ಉಳಿಸಿಕೊಳ್ಳಲೂ ಬಾರದು. ಪ್ರಾಣಕ್ಕಿಂತ ತಂಪು ದೊಡ್ಡದಲ್ಲ. ಹೊಸದಾಗಿ ಸ್ಲ್ಯಾಬು ಹಾಕಿಸುವವರು ಅದರ ಮೇಲೆ ಬಿಳಿಯ ಲೇಪನವಾಗುವವರೆಗೆ ಮನೆ ಪೂರ್ಣವಾಯಿತೆಂದು ಎಣಿಸಬಾರದು. ಪತ್ರಾಸಿನ ಹೊರತು ಗತಿಯಿಲ್ಲದವರು ಮೇಲ್ಗಡೆ ಬಿಳಿ ಬಣ್ಣ ಹೊಡೆದು, ಕೆಳಗೆ ಗಾಳಿಯಾಡಲು ತೆರಪು ಬಿಟ್ಟು ಒಳಛಾವಣಿಯೊಂದನ್ನು ಕಟ್ಟಿಕೊಳ್ಳಬೇಕು; ಬಿರುಗಾಳಿಗೆ ಹಾರದಂತೆ ತಗಡಿನ ಮೇಲೆ ಕಲ್ಲು ಹೇರುವುದನ್ನು ಬಿಟ್ಟು ಬೋಲ್ಟು ಹಾಕಿಸಬೇಕು. ಬಡವರ ಮನೆಗೆ ಸರ್ಕಾರ ಕೊಡುವ ನೆರವಿನ ಲೆಕ್ಕದಲ್ಲಿ ಬಿಳಿ ಲೇಪನದ ವೆಚ್ಚಕ್ಕೂ ಸ್ಥಾನವಿರಬೇಕು.

ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಧೂಳಿಗೆ ಮಾಸುತ್ತದೆ, ವರ್ಷವರ್ಷವೂ ಬಳಿಯುವವರಾರು ಎಂದು ಕೆಲವರು ಕೇಳಬಹುದು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಾಳಿಗೆಯೇರಿ ಸವಳು ಹರಡುತ್ತಿದ್ದ ಜನರಿಗೆ, ಶಿವರಾತ್ರಿಯ ಹೊತ್ತಿಗೆ ಅದೇ ಏಣಿಯನ್ನೇರಿ ಸುಣ್ಣ ಬಳಿಯುವುದು ಕಷ್ಟದ ಕೆಲಸವೇ? ಸಂಶಯವಿರುವ ವಿದ್ಯಾರ್ಥಿಗಳು ತಮ್ಮ ಶಾಲೆಯ ಅಂಗಳದಲ್ಲಿ ಎರಡು ತಗಡಿನ ತುಂಡುಗಳನ್ನು ಇಟ್ಟಿಗೆಗಳ ಮೇಲಿರಿಸಿ, ಒಂದಕ್ಕೆ ಕಪ್ಪು, ಇನ್ನೊಂದಕ್ಕೆ ಬಿಳಿ ಬಣ್ಣ ಹಚ್ಚಿ, ಎರಡರ ಕೆಳಗೂ ಉಷ್ಣತಾಮಾಪಕವನ್ನಿಟ್ಟು ನಡುಹಗಲಲ್ಲಿ ಓದಿನೋಡಲಿ. ದೊರೆತ ಅಂಕಿಗಳನ್ನು ಮನೆಯ ಹಿರಿಯರ ಮುಂದಿಡಲಿ. ಈ ವರ್ಷ ಏಣಿ ಹತ್ತುವ ಕೆಲಸವನ್ನು ತಾವೇ ವಹಿಸಿಕೊಳ್ಳಲಿ.